ಜಪ್ಪಯ್ಯ ಅಂದರೂ ಬಾರದ ಸಿಂಹಿಣಿ

ದಿನಾ ಬಾಗಿಲು ತೆರೆಯಲು ಶುರುಮಾಡಿ ಮೂವತ್ತೊಂಬತ್ತು ದಿನವಾಗಿತ್ತು. ಒಂದು ಸಿಂಹವೂ ಹೊರಗೆ ಕಾಲಿಟ್ಟಿರಲಿಲ್ಲ.

ಬೆಳಿಗ್ಗೆ ಏಳು ಗಂಟೆಗೆ ಬಕೆಟ್ ಅಕ್ಕ ಕೆಲಸದವರ ಓಣಿಯಲ್ಲಿ ನಿಂತು ಸರಪಳಿ ಎಳೆಯುತ್ತಿದ್ದಳು. ಕಬ್ಬಿಣದ ಜಾರುಬಾಗಿಲು ಕಿರುಗುಟ್ಟುತ್ತ ಪಕ್ಕಕ್ಕೆ ಸರಿಯುತ್ತಿತ್ತು. ಬಾಗಿಲಾಚೆ ಎರಡು ಎಕರೆ ಹುಲ್ಲು, ನಾಲ್ಕಾರು ಮರ, ಒಂದು ಮಣ್ಣಿನ ದಿಬ್ಬ, ನೀರಿನ ಸಣ್ಣ ಹೊಂಡ, ಇಷ್ಟನ್ನೂ ಸುತ್ತುವರಿದ ಮೂರಾಳೆತ್ತರದ ಬೇಲಿ. ಬಾಗಿಲೀಚೆ ಸಿಮೆಂಟು ನೆಲದ ಕೋಣೆಯಲ್ಲಿ ಮೂರು ಸಿಂಹ. ಅವು ಬೆಳಕು ಬಂದ ಕಡೆ ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿ ಮತ್ತೆ ತಮ್ಮ ನಡಿಗೆ ಹಿಡಿಯುತ್ತಿದ್ದವು. ಏಳು ಹೆಜ್ಜೆ, ಆಮೇಲೆ ತಿರುವು. ಸರ್ಕಸ್ಸಿನ ಬೋನು ಏಳು ಹೆಜ್ಜೆಯದು. ಇಲ್ಲಿನ ಕೋಣೆ ಅದರ ಎರಡರಷ್ಟು ಉದ್ದವಿತ್ತು. ಆದರೂ ಏಳನೆಯ ಹೆಜ್ಜೆಗೆ ಮೂಗಿನ ಮುಂದೆ ಸರಳು ಇದ್ದ ಹಾಗೆ ತಿರುಗಿಬಿಡುತ್ತಿದ್ದವು.

ಸರ್ಕಸ್ಸಿನವರು ಇಟ್ಟಿದ್ದ ಹೆಸರುಗಳೆಲ್ಲ ರಾಜ ಮಹಾರಾಜರವು. ಬಕೆಟ್ ಅಕ್ಕ ಅವನ್ನು ಒಂದು ದಿನವೂ ಬಾಯಲ್ಲಿ ಆಡಿದವಳಲ್ಲ. ಅವಳ ಪಾಲಿಗೆ ಹದಿನಾರು ವರ್ಷದ ಸಿಂಹಿಣಿ ‘ಮುದುಕಿ’. ಮುದುಕಿಯ ಗಂಡುಮಕ್ಕಳಿಬ್ಬರಲ್ಲಿ ಸದಾ ಗಂಟಲೊಳಗೇ ಏನೋ ಗುರುಗುಡುವವನು ‘ಗೊಣಗ’. ಉರಿವ ಬಳೆಯೊಳಗಿಂದ ಹಾರಲು ಹೋಗಿ ಹಿಂಗಾಲು ಮುರಿದುಕೊಂಡವನು ‘ಕುಂಟ’. ಮೂವರಿಗೂ ಮುಂಗಾಲಲ್ಲಿ ಉಗುರಿಲ್ಲ, ಎಳೆಯದರಲ್ಲೇ ಕಿತ್ತು ಹಾಕಿದ್ದರು. ಮುದುಕಿಯ ಕೋರೆಹಲ್ಲುಗಳನ್ನು ಅರದಿಂದ ಉಜ್ಜಿ ಮೊಂಡಾಗಿಸಿದ್ದರು.

ಅಕ್ಕನಿಗೆ ಆ ಹೆಸರು ಬಂದದ್ದು ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೈದು ವರ್ಷ ಸರ್ಕಸ್ಸಿನಲ್ಲಿ ಮಾಂಸ ಕಡಿದು, ಬೋನು ತೊಳೆದು, ಕೈಯಲ್ಲಿ ಬಕೆಟ್ಟಿಲ್ಲದೆ ಅವಳನ್ನು ಕಂಡವರೇ ಇರಲಿಲ್ಲ. ಸರ್ಕಸ್ಸಿನಲ್ಲಿ ಪ್ರಾಣಿಗಳನ್ನು ಇಟ್ಟುಕೊಳ್ಳಬಾರದೆಂದು ಕಾನೂನು ಬಂದು, ಪೊಲೀಸರು ಲಾರಿ ತಂದು ಸಿಂಹಗಳನ್ನು ಈ ಪ್ರಾಣಿಧಾಮಕ್ಕೆ ಸಾಗಿಸಿದಾಗ ಅವಳನ್ನು ಯಾರೂ ಕರೆದಿರಲಿಲ್ಲ. ಆದರೆ ನಾಲ್ಕು ದಿನ ಕಳೆದರೂ ಮೂರೂ ಸಿಂಹಗಳು ಮಾಂಸ ಮೂಸಲಿಲ್ಲ. ಧಾಮದ ಡಾಕ್ಟರಮ್ಮ ಗಾಬರಿಯಾಗಿ ಅವಳನ್ನು ಹುಡುಕಿಸಿ ಕರೆಸಿದಳು. ಅಕ್ಕ ಬಸ್ಸಿಳಿದು, ಚೀಲ ಗೇಟಿನಲ್ಲೇ ಇಟ್ಟು, ನೆಟ್ಟಗೆ ಓಣಿಗೆ ಬಂದು ಸರಳಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೈದಳು:

“ಏನು ದೊಡ್ಡಸ್ತಿಕೆ ನಿಮ್ದು? ಊಟ ಬಿಟ್ಟು ಕೂತ್ರೆ ಯಾರ ಹೊಟ್ಟೆ ಉರಿಯುತ್ತೆ ಅಂದ್ಕೊಂಡ್ರಿ? ತಿನ್ರೋ!”

ಮುದುಕಿ ಎದ್ದು ಬಂದು ಸರಳಿಗೆ ಕೆನ್ನೆ ಒತ್ತಿ ನಿಂತಿತು. ಆಮೇಲೆ ತಿಂದಿತು. ಮಕ್ಕಳೂ ತಿಂದವು. ಡಾಕ್ಟರಮ್ಮ ಆ ಸಂಜೆಯೇ ಓಡಾಡಿ ಅಕ್ಕನಿಗೆ ಅಲ್ಲಿ ಕೆಲಸ ಕೊಡಿಸಿದಳು.

ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಈ ಬಾಗಿಲಿನ ರಗಳೆ ಶುರುವಾಯಿತು. ಮಾಂಸವನ್ನು ಹೊಸ್ತಿಲಾಚೆ ಇಟ್ಟು ನೋಡಿದರು. ಕುಂಟ ಹೊಟ್ಟೆಯ ಮೇಲೆ ಮಲಗಿ, ಒಂದು ಕೈ ಚಾಚಿ, ಒಳಗೆ ಎಳೆದುಕೊಂಡು ತಿಂದ. ಇನ್ನಷ್ಟು ದೂರ ಇಟ್ಟರು. ಸಂಜೆಯವರೆಗೆ ಇರುವೆ ಮುತ್ತಿತೇ ಹೊರತು ಸಿಂಹ ಬರಲಿಲ್ಲ. ಒಂದು ದಿನ ಗಾಳಿಗೆ ಹಾರಿ ಬಂದ ಒಣ ಎಲೆಯೊಂದು ಬಾಗಿಲೊಳಗೆ ಬಿತ್ತು. ಕಾಡಿನ ರಾಜನೆಂದು ಜಗತ್ತೆಲ್ಲ ಹೊಗಳುವ ಪ್ರಾಣಿ, ಇನ್ನೂರು ಕಿಲೋ ತೂಗುವ ಗೊಣಗ, ಆ ಎಲೆಗೆ ಹೆದರಿ ಗೋಡೆಗೆ ಅಂಟಿಕೊಂಡ.

“ನಗಬೇಡಿ,” ಅಂದಳು ಅಕ್ಕ, ನಗು ತಡೆಯಲಾರದ ಕಾವಲುಗಾರನಿಗೆ. “ಹುಟ್ಟಿದಾಗಿನಿಂದ ತಲೆ ಮೇಲೆ ಡೇರೆ ಇತ್ತು, ಇಲ್ಲ ತಗಡು ಇತ್ತು. ಆಕಾಶ ಅಂದ್ರೆ ಏನೂಂತ ಅವಕ್ಕೆ ಹೇಳಿದವರು ಯಾರು?”

ಧಾಮದ ನಿರ್ದೇಶಕರು ಕೆಟ್ಟವರಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೇಲಿ ಸುತ್ತು ಹಾಕುತ್ತಿದ್ದರು, ಗಾಯಗೊಂಡ ಕೋತಿಯನ್ನು ಮಡಿಲಲ್ಲಿ ಇಟ್ಟುಕೊಂಡೇ ಫೋನಿನಲ್ಲಿ ಮಾತಾಡುತ್ತಿದ್ದರು. ಆದರೆ ಮಂತ್ರಿಗಳು ಬಂದು ಹೊಸ ಸಿಂಹದಂಗಳ ಉದ್ಘಾಟಿಸುವ ದಿನ ಗೊತ್ತಾದ ಮೇಲೆ ಅವರ ನೆಮ್ಮದಿ ಹಾರಿಹೋಯಿತು. ಇನ್ನು ಹನ್ನೆರಡೇ ದಿನ. ಪತ್ರಿಕೆಯವರು ಬರುತ್ತಾರೆ, ಕ್ಯಾಮೆರಾ ಬರುತ್ತದೆ. ಹುಲ್ಲಿನ ಮೇಲೆ ಸಿಂಹವಿಲ್ಲದಿದ್ದರೆ ಏನು ತೋರಿಸುವುದು?

ಅವರ ತಲೆಗೆ ಒಂದು ಉಪಾಯ ಹೊಳೆದದ್ದು ಆಕಸ್ಮಿಕವಾಗಿ. ಒಂದು ಮಧ್ಯಾಹ್ನ ಮೇವಿನ ಲಾರಿಯ ಹಿಂಬಾಗಿಲು ಕೊಂಡಿ ಕಳಚಿ ಛಟೀರೆಂದು ಬಿತ್ತು. ಆ ಸದ್ದು ಕೇಳಿದ್ದೇ ತಡ, ಮೂರು ಸಿಂಹಗಳೂ ನಡಿಗೆ ನಿಲ್ಲಿಸಿ, ಎತ್ತರದ ಕ್ರಮದಲ್ಲಿ ಸಾಲಾಗಿ ಕೂತು, ಮುಂಗಾಲು ಎರಡೂ ಎತ್ತಿದವು. ಎದುರಿಗೆ ನೋಡುವವರು ಯಾರೂ ಇರಲಿಲ್ಲ, ಖಾಲಿ ಗೋಡೆ ಮಾತ್ರ.

ನಿರ್ದೇಶಕರು ನೋಡಿದ್ದು ಸಿಂಹಗಳನ್ನು. ಡಾಕ್ಟರಮ್ಮ ನೋಡಿದ್ದು ಬೇರೆಯದನ್ನು. ಓಣಿಯ ಬೆಂಚಿನ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಬಕೆಟ್ ಅಕ್ಕ ಕೂಡ ಅದೇ ಕ್ಷಣ ಎದ್ದು, ಬೆನ್ನು ನೆಟ್ಟಗೆ ಮಾಡಿ, ಎರಡೂ ತೋಳು ಮೇಲೆತ್ತಿ ನಿಂತಿದ್ದಳು. ಚಹಾ ಸೀರೆಯ ಮೇಲೆಲ್ಲ ಚೆಲ್ಲಿತ್ತು. ಅವಳಿಗೆ ಅದರ ಬಿಸಿಯೂ ಗೊತ್ತಾದಂತಿರಲಿಲ್ಲ.

“ಅಕ್ಕ?” ಅಂದಳು ಡಾಕ್ಟರಮ್ಮ ಮೆಲ್ಲಗೆ.

ಅಕ್ಕ ತೋಳಿಳಿಸಿ, ಸೆರಗಿನಿಂದ ಚಹಾ ಒರೆಸಿಕೊಂಡಳು. “ಏನಿಲ್ಲ ಡಾಕ್ಟರಮ್ಮ. ಹಳೇ ರೋಗ.”

ಮರುದಿನ ನಿರ್ದೇಶಕರು ಅವಳನ್ನು ಕಚೇರಿಗೆ ಕರೆಸಿ, ಎಂದೂ ಇಲ್ಲದ್ದು ಕುರ್ಚಿ ತೋರಿಸಿ ಕೂರಿಸಿದರು.

“ನೋಡಿ ಅಕ್ಕ, ಆ ಸದ್ದಿಗೆ ಅವು ಹೇಳಿದ ಹಾಗೆ ಕೇಳ್ತವೆ ಅಂತ ಆಯ್ತು. ಯಾವ ಸದ್ದಿಗೆ ಏನು ಮಾಡ್ತವೆ ಅನ್ನೋದು ನಿಮಗೆ ಗೊತ್ತಿರಲೇಬೇಕು. ಒಂದೇ ಒಂದು ಸಲ ಹೊರಗೆ ಕರ್ಕೊಂಡು ಬನ್ನಿ. ಹೊರಗಿನ ಗಾಳಿ ಬಿತ್ತು ಅಂದ್ರೆ ಆಮೇಲೆ ತಾವಾಗೇ ಬರ್ತವೆ.”

“ಗೊತ್ತಿದೆ ಸಾರ್. ಮಾಡಲ್ಲ.”

“ಹೊಡೀರಿ ಅಂತಿಲ್ವಲ್ಲ. ಬರೀ ಸದ್ದು.”

“ಬರೀ ಸದ್ದು ಅನ್ನೋದು ಇಲ್ಲ ಸಾರ್. ಮೊದಲು ಪೆಟ್ಟು ಬಿದ್ದಿರುತ್ತೆ. ಆಮೇಲೆ ಸದ್ದು ಸಾಕಾಗುತ್ತೆ.”

“ಅವುಗಳ ಒಳ್ಳೇದಕ್ಕೇ ಹೇಳ್ತಿರೋದು ನಾನು.”

“ನಮ್ಮಪ್ಪನೂ ಹಾಗೇ ಹೇಳ್ತಿದ್ದ,” ಅಂದವಳೇ ಎದ್ದಳು. “ನಂಗೆ ಮಾಂಸ ಕಡಿಯೋದಿದೆ.”

ಅವಳ ಅಪ್ಪ ಸರ್ಕಸ್ಸಿನ ಸಿಂಹದ ಮಾಸ್ತರ. ಮಗಳಿಗೆ ಆರು ತುಂಬುತ್ತಲೇ ಮಿರುಗುವ ಬಿಳಿ ಫ್ರಾಕು ತೊಡಿಸಿ ಬೋನಿನೊಳಗೆ ಕರೆದೊಯ್ದಿದ್ದ. ಎರಡು ಸಿಂಹಗಳ ನಡುವೆ ಒಂದು ಪುಟ್ಟ ಸ್ಟೂಲು, ಅದು ಅವಳದು. ಚಾಟಿ ಒಂದು ಸಲ ಛಟೀರೆಂದರೆ ಸಿಂಹಗಳೂ ಅವಳೂ ಒಟ್ಟಿಗೆ ಎದ್ದು ಕೈ ಎತ್ತಬೇಕು. ಎರಡು ಸಲವಾದರೆ ಅವಳು ನೆಲದ ಮೇಲೆ ಮಲಗಬೇಕು, ಸಿಂಹಗಳು ಒಂದೊಂದಾಗಿ ಅವಳ ಮೇಲಿಂದ ಹಾರಬೇಕು. ಜನ ಹುಚ್ಚೆದ್ದು ಚಪ್ಪಾಳೆ ತಟ್ಟುತ್ತಿದ್ದರು. ಜ್ವರದಲ್ಲಿ ಮೈ ಸುಡುತ್ತಿದ್ದ ಒಂದು ದಿನ ಅವಳು ಒಲ್ಲೆನೆಂದು ಅತ್ತಳು. ಅಪ್ಪ ಮಗಳನ್ನು ಹೊಡೆಯಲಿಲ್ಲ. ಅವಳ ಕಣ್ಣೆದುರು ಸಿಂಹವನ್ನು ಹೊಡೆದ. ಅವಳು ಹೋಗಿ ಮಲಗಿಕೊಂಡಳು. ಹದಿನಾಲ್ಕಕ್ಕೆ ಅವಳು ಎತ್ತರ ಬೆಳೆದು ಫ್ರಾಕು ಹೊಂದದಾದಾಗ ಅಪ್ಪ ಅವಳ ಕೈಗೆ ಮಚ್ಚು ಮತ್ತು ಬಕೆಟ್ಟು ಕೊಟ್ಟ. ಆವತ್ತು ಅವಳಿಗಾದ ಸಂತೋಷ ಮದುವಣಗಿತ್ತಿಗೂ ಆಗಿರಲಾರದು. ಅಪ್ಪ ತೀರಿಕೊಂಡ ಮೇಲೆ ಆ ಚಾಟಿ ಅಣ್ಣನ ಕೈಗೆ ಬಂತು. ಮುದುಕಿಯನ್ನು ಮರಿಯಿಂದ ಪಳಗಿಸಿದವನು ಅಣ್ಣನೇ.

ನಿರ್ದೇಶಕರು ಆ ಅಣ್ಣನನ್ನು ಪತ್ತೆ ಹಚ್ಚಿ ಕರೆಸಿದ್ದು ಉದ್ಘಾಟನೆಗೆ ಒಂದು ದಿನ ಮುಂಚೆ. ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಮಾಂಸದ ಕೋಣೆಯಲ್ಲಿ ಕೊರಡಿನ ಮೇಲೆ ಎಲುಬು ಕಡಿಯುತ್ತಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು.

“ಹೇಗಿದ್ದೀಯೇ?”

ಅಣ್ಣ ಬಡವಾಗಿದ್ದ. ಪೀಠೋಪಕರಣದ ದೊಡ್ಡ ಅಂಗಡಿಯೊಂದರಲ್ಲಿ ಬಾಗಿಲು ಕಾಯುವ ಕೆಲಸ ಸಿಕ್ಕಿದೆಯೆಂದು ಅವಳು ಕೇಳಿದ್ದಳು. ಮೀಸೆ ಮಾತ್ರ ಹಳೆಯ ಗತ್ತಿನಲ್ಲೇ ಇತ್ತು, ತುದಿ ಹುರಿಮಾಡಿ, ಬಣ್ಣ ಹಚ್ಚಿ. ಹೆಗಲಿಗೊಂದು ಉದ್ದನೆಯ ಚೀಲ. ಅದರಲ್ಲಿ ಏನಿದೆಯೆಂದು ಅವಳು ಕೇಳಬೇಕಾಗಿರಲಿಲ್ಲ.

“ಯಾರು ಕರೆದ್ರು ನಿನ್ನ?”

“ಕಾರು ಕಳಿಸಿ ಕರೆಸಿದ್ದಾರೆ ಕಣೇ. ಮಾಸ್ತರ್ ನೀವೇ ಬರಬೇಕು, ನಿಮ್ಮ ಬಿಟ್ರೆ ಆಗಲ್ಲ ಅಂದ್ರು.” ಆ ಮಾತು ಹೇಳುವಾಗ ಅವನ ಎದೆ ತಾನಾಗಿ ಉಬ್ಬಿತು. ಸಿಂಹಗಳು ಹೋದ ಮೇಲೆ ಅವನನ್ನು ಯಾರೂ ಮಾಸ್ತರ್ ಎಂದಿರಲಾರರು.

“ಅಣ್ಣ, ವಾಪಸ್ ಹೋಗು. ನಿಂಗೆ ಕೈ ಮುಗೀತೀನಿ.”

“ಯಾಕೆ? ನಾನೇನು ಅವುಗಳ ಶತ್ರುನಾ? ಈ ಮುದುಕಿ ನನ್ನ ಹೆಗಲು ಕಿತ್ತಾಗ ಹೊಲಿಗೆ ಹಾಕಿಸಿಕೊಂಡು ಮೂರನೇ ದಿನಕ್ಕೆ ಅವಳ ಬೋನಿಗೆ ಹೋದವನು ನಾನು. ಕೊಲ್ಲಿ ಅಂದ್ರು ಎಲ್ಲರೂ. ಬಿಟ್ಟೆನಾ? ನನ್ನಷ್ಟು ಪ್ರೀತಿ ಅವುಗಳ ಮೇಲೆ ಯಾರಿಗಿದೆ ಹೇಳು?”

“ಪ್ರೀತಿ ಇದೆ. ಚಾಟಿನೂ ಇದೆ. ಅದೇ ನಂಗೆ ಭಯ.”

“ನಿಂಗೆ ಹೊಟ್ಟೆಕಿಚ್ಚು ಕಣೇ. ನಾನು ಕರೆದ್ರೆ ಬರ್ತವೆ, ನೀನು ಕರೆದ್ರೆ ಬರಲ್ಲ ಅಂತ.”

ಅವಳು ಮಚ್ಚನ್ನು ಕೊರಡಿಗೆ ಊರಿ, ಸೀರೆಗೆ ಕೈ ಒರೆಸಿಕೊಂಡಳು. “ನಾನು ಕರೆದೇ ಇಲ್ಲ ಅಣ್ಣ. ಮೂವತ್ತೊಂಬತ್ತು... ಇವತ್ತಿಗೆ ಐವತ್ತು ದಿನ ಆಯ್ತು. ಬಾಗಿಲು ತೆಗೀತೀನಿ, ಸುಮ್ಮನೆ ಕೂತ್ಕೋತೀನಿ. ಒಂದು ಸಲನೂ ಬಾ ಅಂದಿಲ್ಲ.”

ಅಣ್ಣನಿಗೆ ಅದು ಅರ್ಥವಾಗಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ನಿರ್ದೇಶಕರು, “ಮಾಸ್ತರ್, ಶುರು ಮಾಡೋಣವಾ?” ಎಂದು ಕೂಗಿದರು. ಅವನು ಹೋದ.

ಬೇಲಿಗೆ ತಾಗಿದ ಸಣ್ಣ ಕಟಕಟೆಯಂಥ ಜಾಗದಲ್ಲಿ ಅಣ್ಣನನ್ನು ನಿಲ್ಲಿಸಿದ್ದರು. ನಡುವೆ ಸರಳು, ಆಚೆ ಹುಲ್ಲು. ಡಾಕ್ಟರಮ್ಮ ಬೇಡವೆಂದು ಹೇಳಿ ಹೇಳಿ ಸೋತು ಮುಖ ಗಂಟಿಕ್ಕಿ ನಿಂತಿದ್ದಳು. ಅಣ್ಣ ಚೀಲ ಬಿಚ್ಚಿ ಚಾಟಿ ತೆಗೆದ. ಅಪ್ಪನ ಚಾಟಿ. ಹಿಡಿ ನಾಲ್ಕೈದು ದಶಕದ ಬೆವರು ಕುಡಿದು ಕಪ್ಪಗಾಗಿತ್ತು. ಅವನು ಕಾಲು ಅಗಲಿಸಿ ನಿಂತು ಮಣಿಕಟ್ಟು ತಿರುಗಿಸಿದ.

ಛಟೀರ್.

ಗೊಣಗ ಬಂದ. ಐವತ್ತು ದಿನ ಎಲೆಗೆ, ನೆರಳಿಗೆ, ಹಕ್ಕಿಗೆ ಹೆದರಿದವನು ಬಾಗಿಲು ದಾಟಿ ಓಡಿ ಬಂದ. ಹಿಂದೆಯೇ ಕುಂಟ, ಮೂರು ಕಾಲಲ್ಲಿ ಕುಪ್ಪಳಿಸುತ್ತ. ಬಿಸಿಲಿಗೆ ಇಬ್ಬರ ಕಣ್ಣೂ ಮುಚ್ಚಿಹೋಗಿದ್ದವು. ಆದರೂ ತಡವರಿಸುತ್ತ ಅಕ್ಕಪಕ್ಕ ಕೂತು ಮುಂಗಾಲು ಎತ್ತಿದರು.

“ಅಬ್ಬಬ್ಬಾ!” ಎಂದು ನಿರ್ದೇಶಕರು ಚಪ್ಪಾಳೆ ತಟ್ಟಿದರು. ಅಣ್ಣ ಸೊಂಟ ಬಗ್ಗಿಸಿ ವಂದಿಸಿದ.

ಅಕ್ಕ ಓಣಿಯ ಕಿಂಡಿಯಿಂದ ನೋಡುತ್ತಿದ್ದಳು. ಛಟೀರೆಂದಾಗ ಅವಳ ತೋಳುಗಳು ಮೇಲೇಳಹೊರಟವು. ಅವಳು ಕಿಂಡಿಯ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತೋಳು ಮೇಲೆ ಹೋಗಲಿಲ್ಲ. ಆಮೇಲೆ ಗೊಣಗನ ಹಿಂಗಾಲಿನ ನಡುವೆ ಹುಲ್ಲು ಒದ್ದೆಯಾಗುವುದು ಅವಳಿಗೆ ಕಾಣಿಸಿತು. ಕೂತ ಭಂಗಿಯಲ್ಲೇ, ಮುಂಗಾಲು ಎತ್ತಿಕೊಂಡೇ, ಆ ದೊಡ್ಡ ಪ್ರಾಣಿ ಹೆದರಿಕೆಗೆ ಉಚ್ಚೆ ಹೊಯ್ದುಕೊಳ್ಳುತ್ತಿತ್ತು.

“ಮೂರನೇದೆಲ್ಲಿ?” ನಿರ್ದೇಶಕರು ಕೇಳಿದರು.

ಅಣ್ಣ ಮತ್ತೆ ಚಾಟಿ ಬೀಸಿದ. ಮುದುಕಿ ಬಾಗಿಲ ಬಳಿಗೆ ಬಂದು, ಹೊಸ್ತಿಲ ಒಳಗೇ ಕೂತಿತು. ಮೂರನೆಯ ಸಲ ಬೀಸಿದ. ಅದು ಮುಂಗಾಲು ಚಾಚಿ ಮಲಗಿತು. “ಏಯ್, ಎದ್ದೇಳು!” ಎಂದು ಅದರ ಸರ್ಕಸ್ಸಿನ ಹೆಸರು ಹಿಡಿದು ಕೂಗಿದ. ಜಪ್ಪಯ್ಯ ಅಂದರೂ ಮುದುಕಿ ಏಳಲಿಲ್ಲ. ಕಣ್ಣು ಮಾತ್ರ ಅವನ ಮೇಲೆ ನೆಟ್ಟಿತ್ತು. ಕಿವಿ ಹಿಂದಕ್ಕೆ ಹೋಗಿದ್ದವು, ಮೈ ಸಣ್ಣಗೆ ಅದುರುತ್ತಿತ್ತು. ಅದಕ್ಕೆ ಹೆದರಿಕೆಯಿರಲಿಲ್ಲ ಎನ್ನಲಾಗದು. ಹೆದರಿಕೆ ಇದ್ದೂ ಅದು ಏಳಲಿಲ್ಲ.

ಮಾಸ್ತರನ ಮುಖ ಕೆಂಪಾಯಿತು. ಇಷ್ಟು ಜನರೆದುರು ಅವನ ಮಾನದ ಪ್ರಶ್ನೆ. ದಡಬಡನೆ ಕಟಕಟೆಯಿಂದ ಇಳಿದು, ಓಣಿಗೆ ನುಗ್ಗಿ, ಮುದುಕಿಯ ಬೆನ್ನ ಹಿಂದಿನ ಸರಳುಗಳ ಬಳಿ ಹೋಗಿ ಚಾಟಿಯ ಹಿಡಿಯಿಂದ ಕಂಬಿಗೆ ರಪರಪನೆ ಬಡಿದ. ಆಮೇಲೆ ಸರಳಿನ ಸಂದಿಯಿಂದ ಒಳಗೆ ಬೀಸಲು ತೋಳೆತ್ತಿದ.

ಎತ್ತಿದ ತೋಳು ಮುಂದಕ್ಕೆ ಬರಲಿಲ್ಲ. ಚಾಟಿಯ ಬಾಲವನ್ನು ಅಕ್ಕ ಹಿಂದಿನಿಂದ ಹಿಡಿದಿದ್ದಳು. ಮೂವತ್ತೈದು ವರ್ಷ ಎಲುಬು ಕಡಿದ ಕೈ. ಒಂದೇ ಜಗ್ಗಿಗೆ ಹಿಡಿ ಅವನ ಬೆವರಿದ ಅಂಗೈಯಿಂದ ಜಾರಿತು. ಅವಳು ಅದನ್ನು ನೆಲದ ಮೇಲೆ ಎಳೆದುಕೊಂಡು ಮಾಂಸದ ಕೋಣೆಗೆ ನಡೆದಳು. ಅವನೂ ಹಿಂದೆ ಬಂದ. ನಿರ್ದೇಶಕರು, ಡಾಕ್ಟರಮ್ಮ, ಕಾವಲುಗಾರ ಎಲ್ಲರೂ ಬಂದರು. ಅಕ್ಕ ಚಾಟಿಯನ್ನು ಕೊರಡಿನ ಮೇಲಿಟ್ಟು ಮಚ್ಚು ಎತ್ತಿದಳು.

“ಏನೇ ಮಾಡ್ತಿದ್ದೀಯ? ಅದು ಅಪ್ಪಂದು!”

“ಅದಕ್ಕೇ.”

ಮೊದಲ ಏಟಿಗೆ ತುದಿ ತುಂಡಾಯಿತು. ಹಳೆಯ ಚರ್ಮ, ಒಳಗೆ ತಂತಿ ಹೆಣೆದದ್ದು, ಸುಲಭಕ್ಕೆ ಬಗ್ಗುವಂಥದ್ದಲ್ಲ. ಅವಳು ಹಲ್ಲು ಕಚ್ಚಿ ಕಡಿದಳು. ಗೇಣು ಗೇಣಿಗೆ ಒಂದು ಏಟು. ಕೊನೆಗೆ ಹಿಡಿ ಮಾತ್ರ ಉಳಿಯಿತು. ಅದನ್ನು ಅಡ್ಡಲಾಗಿಟ್ಟು ಒಂದೇ ಏಟಿಗೆ ಸೀಳಿದಳು. ಆಮೇಲೆ ಉಸಿರು ಬಿಟ್ಟು, ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡು, ಅಣ್ಣನ ಕಡೆ ತಿರುಗಿದಳು.

“ಹೊಡೀತೀಯಾ? ಹೊಡಿ. ಆದ್ರೆ ಕೈಯಿಂದ ಹೊಡೀಬೇಕು, ಅದಂತೂ ಇನ್ನು ಇಲ್ಲ.”

ಅಣ್ಣ ಹೊಡೆಯಲಿಲ್ಲ. ತುಂಡುಗಳನ್ನು ನೋಡಿದ. ಅಲ್ಲೇ ಇದ್ದ ಖಾಲಿ ಡಬ್ಬದ ಮೇಲೆ ಕುಸಿದು ಕೂತು ಎರಡು ಕೈಯಿಂದ ಮುಖ ಮುಚ್ಚಿಕೊಂಡ. ಅವಳು ಲೋಟದಲ್ಲಿ ನೀರು ತಂದು ಅವನ ಮುಂದೆ ಹಿಡಿದಳು. ಅವನು ಕುಡಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಗೇಟಿನ ಕಡೆ ಹೋದ.

ನಿರ್ದೇಶಕರು ಅಕ್ಕನ ಕಡೆ ತಿರುಗಿದರು. “ನಾಳೆಯಿಂದ ನೀವು ಕೆಲಸಕ್ಕೆ ಬರೋದು ಬೇಡ,” ಅಂದರು.

“ಕೆಲಸದಿಂದ ತೆಗೀರಿ ಸಾರ್, ಅದು ನಿಮ್ಮ ಕೈಲಿದೆ. ನಾಳೆ ಬೆಳಿಗ್ಗೆ ಅವಕ್ಕೆ ಊಟ ಹಾಕೋಕೆ ನಾನು ಬರ್ತೀನಿ. ಬೇಕಾದ್ರೆ ಪೊಲೀಸರನ್ನ ಕರೀರಿ, ಅವರ ಮುಂದೆನೇ ಹಾಕ್ತೀನಿ.”

ಮರುದಿನ ಬೆಳಿಗ್ಗೆ ಆರೂವರೆಗೆ ಅವಳು ಗೇಟಿನಲ್ಲಿದ್ದಳು. ಕಾವಲುಗಾರನಿಗೆ ಅವಳನ್ನು ಒಳಗೆ ಬಿಡಬಾರದೆಂದು ಆಜ್ಞೆಯಾಗಿತ್ತು. ಅವನು ಅವಳನ್ನು ಕಂಡದ್ದೇ ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದ. ಅವನು ಹಾಕಿಕೊಂಡಿದ್ದದ್ದು ಚಪ್ಪಲಿ.

ಒಳಗಿನ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಹಿಂದಿನ ದಿನ ಚಾಟಿಯ ಸದ್ದು ನಿಂತದ್ದೇ ಒಳಗೆ ಓಡಿಬಂದ ಗೊಣಗನೂ ಕುಂಟನೂ ಕೋಣೆಯ ತೀರ ಹಿಂದಿನ ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಒತ್ತರಿಸಿ ಬಿದ್ದಿದ್ದರು. ಮಾಂಸ ಹಾಕಿದರೆ ತಲೆಯೆತ್ತಲಿಲ್ಲ. ಗೊಣಗ ಗೊಣಗುವುದನ್ನೇ ಬಿಟ್ಟಿದ್ದ. ಐವತ್ತು ದಿನದಲ್ಲಿ ಬಾಗಿಲಿಂದ ಒಂದು ಮಾರು ದೂರದವರೆಗಾದರೂ ಬರುತ್ತಿದ್ದವರು, ಈಗ ಬಾಗಿಲು ಕಿರುಗುಟ್ಟಿದರೇ ನಡುಗುತ್ತಿದ್ದರು. ಅಕ್ಕ ಸರಳಿನ ಮುಂದೆ ಕೂತು ಹಳೆಯ ಬೈಗುಳಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸಿದಳು. ಪ್ರಯೋಜನವಾಗಲಿಲ್ಲ.

ಹನ್ನೊಂದಕ್ಕೆ ಮಂತ್ರಿಗಳು ಬಂದರು. ಬೇಲಿಯ ಮುಂದೆ ಕೆಂಪು ಟೇಪು, ಮೈಕು, ಸಾಲು ಕುರ್ಚಿ, ಕ್ಯಾಮೆರಾದವರ ನೂಕುನುಗ್ಗಲು. ಆಚೆ ಎರಡು ಎಕರೆ ಖಾಲಿ ಹುಲ್ಲು. ಅದರ ಮೇಲೆ ಒಂದು ಕಾಗೆ.

“ಸಿಂಹಗಳೆಲ್ಲಿ?” ಅಂದರು ಮಂತ್ರಿಗಳು.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ವಿಶ್ರಾಂತಿ... ವಿಶ್ರಾಂತಿ ತಗೊಳ್ತಿವೆ ಸಾರ್.”

“ವಿಶ್ರಾಂತಿ ಅಲ್ಲ,” ಎಂದು ಒಂದು ದನಿ ಕೇಳಿಸಿತು. ಓಣಿಯ ಬಾಗಿಲಲ್ಲಿ ರಬ್ಬರು ಬೂಟು ಹಾಕಿ, ಸೀರೆ ಎತ್ತಿ ಕಟ್ಟಿದ ಹೆಂಗಸೊಬ್ಬಳು ನಿಂತಿದ್ದಳು. “ಬರಲ್ಲ ಅಂದಿವೆ. ಹುಟ್ಟಿದಾಗಿನಿಂದ ಕರೆದಾಗೆಲ್ಲ ಬಂದಿವೆ, ಕೂರು ಅಂದ್ರೆ ಕೂತಿವೆ, ಹಾರು ಅಂದ್ರೆ ಬೆಂಕಿಯೊಳಗೂ ಹಾರಿವೆ. ಇನ್ಮೇಲೆ ಯಾರು ಬಂದ್ರೂ ಅಷ್ಟೇ. ಬರಬೇಕು ಅನ್ನಿಸಿದಾಗ ಬರ್ತವೆ.”

ಕ್ಯಾಮೆರಾಗಳೆಲ್ಲ ಅವಳ ಕಡೆ ತಿರುಗಿದವು. ನಿರ್ದೇಶಕರು ಭೂಮಿ ಬಾಯಿ ಬಿಡಬಾರದೇ ಎಂಬಂತೆ ನಿಂತರು. ಮಂತ್ರಿಗಳು ಒಂದು ಗಳಿಗೆ ಅವಳನ್ನೇ ನೋಡಿ, ಹೊಟ್ಟೆ ಕುಲುಕುವಂತೆ ನಕ್ಕರು.

“ಬರಲ್ಲ ಅಂದ್ವಾ? ಈ ಕಾರ್ಯಕ್ರಮಕ್ಕೆ ನಾನೂ ಹಾಗೆ ಹೇಳಬಹುದಾಗಿತ್ತು, ಹೊಳೀಲಿಲ್ಲ ನೋಡಿ,” ಅಂದು ಟೇಪು ಕತ್ತರಿಸಿದರು. ಮರುದಿನದ ಪತ್ರಿಕೆಯಲ್ಲಿ ಮಂತ್ರಿಗಳ ಜೊತೆ ಕಾಗೆಯ ಚಿತ್ರ ಬಂತು.

ನಕ್ಕು ಮುಗಿಯುವ ಕಥೆ ಅದಾಗಿರಲಿಲ್ಲ. ಗೊಣಗ ಐದು ದಿನ ತಿನ್ನಲಿಲ್ಲ. ಡಾಕ್ಟರಮ್ಮ ಸೂಜಿ ಮದ್ದು ಕೊಡುವ ಹೊತ್ತಿಗೆ ಅವನ ಪಕ್ಕೆಲುಬು ಎಣಿಸುವಂತಾಗಿತ್ತು. ಅಕ್ಕ ದಿನಾ ಬಂದಳು. ಹಾಜರಿ ಪುಸ್ತಕದಲ್ಲಿ ಅವಳ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು. ಅವಳು ಅದಕ್ಕೆ ಕ್ಯಾರೇ ಅನ್ನಲಿಲ್ಲ. ಆರನೆಯ ದಿನ ಗೊಣಗ ಒಂದು ತುಂಡು ನೆಕ್ಕಿ, ಕಚ್ಚಿ, ನುಂಗಿದ. ಗಂಟಲಲ್ಲಿ ಸಣ್ಣಗೆ ಗುರುಗುಟ್ಟಿದ. ಸರಳಿನ ಆಚೆ ನಿಂತು ಅದನ್ನು ನೋಡಿದವರಲ್ಲಿ ನಿರ್ದೇಶಕರೂ ಇದ್ದರು. ಅವರು ಕನ್ನಡಕ ಒರೆಸಿಕೊಳ್ಳುತ್ತ ಹೋದರು. ಮಾರನೆಯ ಬೆಳಿಗ್ಗೆ ಹಾಜರಿ ಪುಸ್ತಕವನ್ನು ತಾವೇ ತಂದು ಬೆಂಚಿನ ಮೇಲಿಟ್ಟರು. ಕೆಂಪು ಗೆರೆಯ ಕೆಳಗೆ ಅವಳ ಸಾಲನ್ನು ಹೊಸದಾಗಿ ಬರೆದಿದ್ದರು.

“ಆ ದಿನ ಹುಲ್ಲು ಒದ್ದೆಯಾದದ್ದು ನಾನೂ ನೋಡಿದೆ,” ಅಂದರು. “ನೋಡಿಯೂ ಚಪ್ಪಾಳೆ ನಿಲ್ಲಿಸಲಿಲ್ಲ.”

ಅಕ್ಕ ಸಹಿ ಹಾಕಿದಳು.

ಮುದುಕಿ ಹೊರಗೆ ಬಂದದ್ದು ಎಂಬತ್ತಮೂರನೆಯ ದಿನ. ಅಂಥ ವಿಶೇಷವೇನೂ ಇಲ್ಲದ, ಮೋಡ ಮುಸುಕಿದ ಮಧ್ಯಾಹ್ನ. ಅಕ್ಕ ಓಣಿ ತೊಳೆಯುತ್ತಿದ್ದಳು. ಸಿಮೆಂಟಿನ ಮೇಲೆ ಕಾಲು ಸವರುವ ಸದ್ದು ಆರು, ಏಳು, ಎಂದು ಎಣಿಸಿದಂತೆ ಕೇಳಿಸುತ್ತಿದ್ದದ್ದು ಎಂಟನೆಯದಕ್ಕೂ ಕೇಳಿಸಿತು. ಅವಳು ಪೊರಕೆ ಹಿಡಿದ ಹಾಗೇ ನಿಂತಳು. ಒಂಬತ್ತು. ಹತ್ತು. ಆಮೇಲೆ ಸದ್ದೇ ಇಲ್ಲ. ಹುಲ್ಲಿನ ಮೇಲೆ ಸದ್ದಾಗುವುದಿಲ್ಲವಲ್ಲ.

ಅವಳು ಕಿಂಡಿಗೆ ಓಡಿದಳು. ಮುದುಕಿ ಹೊಸ್ತಿಲಾಚೆ ನಿಂತಿತ್ತು. ಒಂದು ಕಾಲೆತ್ತಿ, ಒದ್ದೆಯಾದ ಬೆಕ್ಕಿನ ಹಾಗೆ ಝಾಡಿಸಿ, ಮತ್ತೆ ಇಟ್ಟಿತು. ಹುಲ್ಲು ಅದಕ್ಕೆ ಹಿಡಿಸಿದಂತೆ ಕಾಣಲಿಲ್ಲ. ಆದರೂ ಹೋಯಿತು. ಬೇಲಿಯುದ್ದಕ್ಕೂ ಒಂದು ಸುತ್ತು ಹಾಕಿತು. ಹೊಂಡದ ನೀರಿನಲ್ಲಿ ಕಂಡ ತನ್ನ ಮುಖಕ್ಕೆ ಒಮ್ಮೆ ಬುಸುಗುಟ್ಟಿತು. ಮರದ ಬೊಡ್ಡೆಗೆ ಮೈ ಚಾಚಿ ನಿಂತು, ಇಲ್ಲದ ಉಗುರುಗಳಿಂದ ತೊಗಟೆಯನ್ನು ಮೇಲಿಂದ ಕೆಳಗೆ ಎಳೆಯಿತು, ಮತ್ತೆ ಎಳೆಯಿತು. ಆಮೇಲೆ ದಿಬ್ಬ ಹತ್ತಿ, ಮೂಗು ಮೇಲಕ್ಕೆತ್ತಿ, ಒಂದು ಗರ್ಜನೆ ಮಾಡಿತು. ಸರ್ಕಸ್ಸಿನಲ್ಲಿ ಹೇಳಿದಾಗ ಮಾಡುತ್ತಿದ್ದ ಗರ್ಜನೆಯನ್ನು ಅಕ್ಕ ಸಾವಿರ ಸಲ ಕೇಳಿದ್ದಳು. ಇದು ಅದಲ್ಲ. ಕೋತಿಗಳ ಗೂಡಿನಲ್ಲಿ ಹಾಹಾಕಾರ ಎದ್ದಿತು. ಕಚೇರಿಯಲ್ಲಿದ್ದವರೆಲ್ಲ ಹೊರಗೆ ಓಡಿಬಂದರು. ಡಾಕ್ಟರಮ್ಮ ಅಕ್ಕನ ಭುಜ ಹಿಡಿದು ಅಲುಗಾಡಿಸುತ್ತ ಅಳುತ್ತಿದ್ದಳು. ಅಕ್ಕನಿಗೆ ಅಳು ಬರಲಿಲ್ಲ. “ಹಾಗೆ! ಹಾಗೆ ಹೇಳು! ಕೇಳಲಿ ಎಲ್ಲರಿಗೂ!” ಎಂದು ಕಿಂಡಿಯಿಂದ ಕೂಗುತ್ತಿದ್ದಳು.

ಸಂಜೆ ಹೊಸ ಫಜೀತಿ. ಕತ್ತಲಾಗುವ ಮೊದಲು ಸಿಂಹಗಳನ್ನು ಒಳಗೆ ಹಾಕಿ ಬೀಗ ಹಾಕಬೇಕೆಂಬುದು ಧಾಮದ ನಿಯಮ. ಮುದುಕಿ ಬರಲೊಪ್ಪಲಿಲ್ಲ. ಒಳಗೆ ಮಾಂಸ ಇಟ್ಟು ತೋರಿಸಿದರು. ಅದು ತಿರುಗಿಯೂ ನೋಡಲಿಲ್ಲ. ಮಳೆ ಹನಿಯತೊಡಗಿತು. ಹುಟ್ಟಿದ ಮೇಲೆ ಮೊದಲ ಸಲ ಮಳೆಯಲ್ಲಿ ತೋಯುತ್ತಿದ್ದ ಸಿಂಹಿಣಿ ಕಣ್ಣು ಮಿಟುಕಿಸುತ್ತ ದಿಬ್ಬದ ಮೇಲೆಯೇ ಕೂತಿತು.

“ನೆನೆದು ಜ್ವರ ಬಂದ್ರೆ?” ಅಂದರು ನಿರ್ದೇಶಕರು. “ಹೇಗಾದ್ರೂ ಮಾಡಿ ಒಳಗೆ...” ಎಂದವರು ತಾವೇ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತು ಕೊಡೆ ಹಿಡಿದು ನಿಂತು, “ಬಾಗಿಲು ತೆಗೆದೇ ಇರಲಿ ಬಿಡಿ. ನಿಯಮದ ಪುಸ್ತಕದಲ್ಲಿ ನಾನು ಏನೋ ಒಂದು ಬರೀತೀನಿ,” ಅಂದರು.

ಮುದುಕಿ ಮೂರು ದಿನ ಒಳಗೆ ಬರಲಿಲ್ಲ. ಆಮೇಲೆ ತನಗೆ ಬೇಕೆನಿಸಿದಾಗ ಬಂತು, ಬೇಡವಾದಾಗ ಹೋಯಿತು.

ಇದಾಗಿ ತಿಂಗಳ ಮೇಲೆ ಒಂದು ರಜೆಯ ದಿನ ಅಣ್ಣ ಬಂದ. ಅವನಿಗೆ ಯಾರೂ ಕಾರು ಕಳಿಸಿರಲಿಲ್ಲ. ಮೀಸೆಗೆ ಬಣ್ಣವಿರಲಿಲ್ಲ, ಪೂರ್ತಿ ಬೆಳ್ಳಗಿತ್ತು. ನೋಡಲು ಬಂದ ಜನರ ಸಾಲಿನಲ್ಲಿ ನಿಂತು, ಬೇಲಿಯ ಹತ್ತಿರ ಬಂದ. ಅಕ್ಕ ಕೆಲಸ ಬಿಟ್ಟು ಬಂದು ಅವನ ಪಕ್ಕ ನಿಂತಳು. ದಿಬ್ಬದ ಮೇಲೆ ಮುದುಕಿ ಅವರಿಗೆ ಬೆನ್ನು ಹಾಕಿ ಮಲಗಿತ್ತು.

“ಗುರುತು ಸಿಕ್ಕಿರುತ್ತಾ?” ಅಣ್ಣ ಕೇಳಿದ.

“ನಿನ್ನ ವಾಸನೆ ಗೇಟಿನಲ್ಲೇ ಸಿಕ್ಕಿರುತ್ತೆ. ಬಾಲ ನೋಡು, ಒಂದೇ ಸಮನೆ ಬಡೀತಿದ್ದಾಳೆ.”

“ಸಿಟ್ಟಾ?”

“ಸಿಟ್ಟೇ ಮತ್ತೆ. ಬೇಡ್ವಾ?”

ಅಣ್ಣ ಬೇಲಿಯ ತಂತಿಗೆ ಬೆರಳು ಸಿಕ್ಕಿಸಿ ನಿಂತ. ಕರೆಯಲೆಂದು ಒಮ್ಮೆ ಬಾಯಿ ತೆರೆದದ್ದನ್ನು ಅವಳು ಕಂಡಳು. ಅವನು ಕರೆಯಲಿಲ್ಲ. “ನಾನು ಕೆಟ್ಟವನೇನೇ?” ಎಂದು ಕೇಳಿದ, ಚಿಕ್ಕಂದಿನಲ್ಲಿ ಕೇಳುತ್ತಿದ್ದ ದನಿಯಲ್ಲಿ.

ಸುಳ್ಳು ಹೇಳುವುದು ಅವಳಿಗೆ ಆಗಲಿಲ್ಲ. “ಅಪ್ಪ ನಮ್ಮಿಬ್ಬರನ್ನೂ ಪಳಗಿಸಿಬಿಟ್ಟಿದ್ದ ಅಣ್ಣ,” ಅಂದಳು. “ನೀನು ಚಾಟಿ ಹಿಡಿದ ಕಡೆ ನಿಂತೆ, ಅಷ್ಟೇ ವ್ಯತ್ಯಾಸ. ಆದ್ರೆ ಹೊಡೆದವನು ನೀನೇ. ಅದನ್ನ ನಾನು ಇಲ್ಲ ಅನ್ನಲ್ಲ.”

ಅವನು ತಲೆಯಾಡಿಸಿದ. ಮುನಿಸಿಕೊಂಡು ಹೋಗಬಹುದೆಂದು ಅವಳು ಅಂದುಕೊಂಡಳು. ಅವನು ಹೋಗಲಿಲ್ಲ. ಮುದುಕಿಯ ಕಡೆಯೇ ನೋಡುತ್ತ ನಿಂತ.

ಒಳಗಿನಿಂದ ಡಾಕ್ಟರಮ್ಮ, “ಅಕ್ಕಾ, ಬೇಗ ಬನ್ನಿ! ಕುಂಟ ಮುಂಗಾಲೆರಡೂ ಹೊರಗಿಟ್ಟಿದ್ದಾನೆ!” ಎಂದು ಪಿಸುದನಿಯಲ್ಲೇ ಅರಚಿದಳು.

“ಇಟ್ರೆ ಇಡಲಿ. ಅವನ ಪಾಡಿಗೆ ಅವನನ್ನ ಬಿಡಿ. ಯಾರೂ ಹತ್ತಿರ ಹೋಗಬೇಡಿ,” ಅಂದಳು ಅಕ್ಕ. ಹಾಗೆಂದು ತಾನು ಮಾತ್ರ ಸೀರೆಯ ನೆರಿಗೆ ಎತ್ತಿ ಹಿಡಿದು ಓಣಿಯ ಕಡೆ ಓಡಿದಳು.